ಬೋಳುಕಳ್ಳಿಯ ಅರೆಪಾಕ

ನಮ್ಮ ಔಷಧಿಗಿಡ ಸಂಶೋಧನಾ ಕೇಂದ್ರದ ನಿರ್ದೇಶಕ ಡಾ. ಜಯವಂತ ಹೊನವಾಡ ಅವರಿಗೆ ಕಳ್ಳಿಗೂ ಕತ್ತಾಳೆಗೂ ವ್ಯತ್ಯಾಸ ಗೊತ್ತಿರಲಿಲ್ಲ ಎಂದು ನಾನು ಹೇಳಿದರೆ ಜನ ಹೊಟ್ಟೆಕಿಚ್ಚು ಅಂದುಕೊಂಡಾರು. ಆದ್ದರಿಂದ ಹಾಗೆ ಹೇಳುವುದಿಲ್ಲ. ಗೊತ್ತಿತ್ತು, ಕಳ್ಳಿ ಯೋಜನೆಯ ಉದ್ಘಾಟನೆಯ ದಿನ ಬೆಳಿಗ್ಗೆ ನಾನೇ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೆ.

ಆ ಚೀಟಿ ನೋಡಿಕೊಂಡು ಅವರು ಮಾಡಿದ ಭಾಷಣಕ್ಕೆ ಗುಳೇದಗುಡ್ಡದ ಜನ ಜೋರಾಗಿ ಚಪ್ಪಾಳೆ ತಟ್ಟಿದರು. ತಟ್ಟದೆ ಏನು ಮಾಡಿಯಾರು? ಹೊರದೇಶದಿಂದ ಬರುತ್ತಿದ್ದ ಕಚ್ಚಾವಸ್ತು ನಿಂತು, ನೋವಿನ ಮಾತ್ರೆಗಳು ಔಷಧದ ಅಂಗಡಿಯಿಂದ ಮಾಯವಾಗಿ ಆಗಲೇ ಆರು ವರ್ಷವಾಗಿತ್ತು. ನಮ್ಮ ಊರಿನ ಅರ್ಧ ಜನ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ಖಣ ನೇಯುವವರು. ನಲವತ್ತಕ್ಕೆ ಮೊಣಕಾಲು ಹೋಗುತ್ತದೆ, ಐವತ್ತಕ್ಕೆ ಸೊಂಟ. ಅಂಥವರ ಮುಂದೆ ನಿಂತು, ಮಾತ್ರೆಯ ಕಾರ್ಖಾನೆ ಮಾಡುವ ಕೆಲಸವನ್ನು ಒಂದು ಕಳ್ಳಿಯೇ ಮಾಡಿದರೆ ಹೇಗೆ, ಆ ಕಳ್ಳಿಯನ್ನು ಮನೆಗೊಂದರಂತೆ ಕೊಟ್ಟರೆ ಹೇಗೆ ಎಂದು ಕೇಳಿದರೆ ಯಾರು ಬೇಡ ಅಂದಾರು?

ವಿಷಯ ಇಷ್ಟೇ. ಕಳ್ಳಿಗಳು ಮೈಯೊಳಗೆ ಆಲ್ಕಲಾಯ್ಡ್ ಎಂಬ ಕಹಿ ವಸ್ತುಗಳನ್ನು ತಯಾರಿಸಿಕೊಳ್ಳುತ್ತವೆ. ಬೇಳೆಕಾಳಿನಲ್ಲಿರುವಂಥದೇ ಒಂದು ಸಾಮಾನ್ಯ ಅಮೈನೋ ಆಮ್ಲವನ್ನು ತೆಗೆದುಕೊಂಡು, ಅದರ ಒಂದು ತುಂಡು ಕತ್ತರಿಸಿ, ಇನ್ನೊಂದು ತುಂಡು ಅಂಟಿಸಿ, ನಾಲ್ಕೈದು ಹಂತ ದಾಟಿಸಿ ಕಹಿ ಮಾಡುತ್ತವೆ. ನಾವು ಬೆಳೆಸಿದ ತಳಿಯಲ್ಲಿ ಕೊನೆಯ ಹಂತದಲ್ಲಿ ಸಿಗುವ ವಸ್ತುವಿಗೆ ಶಾಮಿನ್ ಎಂದು ಹೆಸರಿಟ್ಟಿದ್ದೆವು. ನೋವನ್ನು ಮಿದುಳಿಗೆ ಮುಟ್ಟಿಸುವ ನರಗಳನ್ನು ಅದು ಐದಾರು ಗಂಟೆ ಸುಮ್ಮನಿರಿಸುತ್ತದೆ. ಆದರೆ ಗಿಡ ಅದನ್ನು ಮಾಡುವುದು ಚೂರೇ ಚೂರು. ಹಾಗಾದರೆ ಮೊದಲ ಹಂತಕ್ಕೆ ಬೇಕಾದ ಕಚ್ಚಾವಸ್ತುವನ್ನೇ ನಾವು ಹೊರಗಿನಿಂದ ಕೊಟ್ಟರೆ? ಹಿಟ್ಟು ಹೆಚ್ಚು ಕೊಟ್ಟರೆ ರೊಟ್ಟಿ ಹೆಚ್ಚು ಬಂದೀತೆಂಬ ವಿಚಾರ. ಹಸಿರುಮನೆಯಲ್ಲಿ ಅರವತ್ತು ಕಳ್ಳಿಗಳಿಗೆ ಆ ಕಚ್ಚಾವಸ್ತುವಿನ ರಸವನ್ನು ಚುಚ್ಚಿ ನೋಡಿದೆವು. ಶಾಮಿನ್ ಮೂರು ಪಟ್ಟಾಯಿತು. ಪ್ರಯೋಗ ನನ್ನದು, ವರದಿ ನನ್ನದು, ಮೇಲೆ ಮೊದಲ ಹೆಸರು ಹೊನವಾಡರದು.

ಜನರಿಗೆ ಕೊಡುವಾಗ ಅದನ್ನು ಇನ್ನಷ್ಟು ಸರಳ ಮಾಡಿದರು. ಮನೆಯಲ್ಲಿ ಸಿರಿಂಜು ಹಿಡಿದು ಗಿಡಕ್ಕೆ ಚುಚ್ಚುವವರು ಯಾರು? ವಾರಕ್ಕೆ ಮೂರು ಹನಿ ರಸವನ್ನು ನೀರಲ್ಲಿ ಕಲಸಿ ಬುಡಕ್ಕೆ ಹಾಕಿದರಾಯಿತು ಅಂದರು. ಮಕ್ಕಳಿಗೆ ಚುಚ್ಚೀತೆಂದು ತಳಿಯಿಂದ ಮುಳ್ಳನ್ನೇ ತೆಗೆದರು. ಗಿಡದ ಮೈಮೇಲೆ ಅಂಗಿಯ ಗುಂಡಿಯಷ್ಟು ದಪ್ಪದ ಮರಿಗಳು ಏಳುತ್ತವೆ; ಹಣ್ಣಾದ ಮರಿಯನ್ನು ಸ್ವಲ್ಪ ತಿರುವಿದರೆ ಸಾಕು, ಗಾಯವಿಲ್ಲದೆ ಕಳಚಿ ಬರುತ್ತದೆ. ನೋವು ಬಂದಾಗ ಒಂದು ಮರಿ ಅಗಿದು ನುಂಗುವುದು. ಈ ಗಿಡಕ್ಕೆ ಹೊನವಾಡರು ಆರೋಗ್ಯವಲ್ಲರಿ ಎಂದು ನಾಮಕರಣ ಮಾಡಿದರು. ಅದು ಬಳ್ಳಿಯಲ್ಲ, ಬಳ್ಳಿಯ ಚಿಕ್ಕಮ್ಮನೂ ಅಲ್ಲ. ಊರಿನ ಜನ ಅದರ ಮೈ ನೋಡಿ ಬೋಳುಕಳ್ಳಿ ಅಂದರು, ಆ ಹೆಸರೇ ಉಳಿಯಿತು.

ಎರಡು ವರ್ಷದೊಳಗೆ ಏಳು ಸಾವಿರ ಮನೆಗಳಲ್ಲಿ ಕುಂಡ ಕುಳಿತವು. ಕೆಲವರು ಅದಕ್ಕೆ ವಿಭೂತಿ ಹಚ್ಚಿದರು. ಮದುವೆಯಲ್ಲಿ ಹೆಣ್ಣಿನ ಜೊತೆ ಕುಂಡ ಕೊಡುವುದು ಶುರುವಾಯಿತು. ಪ್ರತಿ ಗಿಡದ ಕತ್ತಿಗೆ ನಾನು ಮಾಡಿದ ಒಂದು ಬಳೆ. ಅದು ಗಿಡದೊಳಗೆ ಬೆಳಕು ಹಾಯಿಸಿ ಆಲ್ಕಲಾಯ್ಡ್ ಎಷ್ಟಿದೆಯೆಂದು ಅಳೆದು ನಮ್ಮ ನಿಗಾ ಕೋಣೆಗೆ ಕಳಿಸುತ್ತಿತ್ತು. ಆ ಕೋಣೆಯ ಗೋಡೆಯ ತುಂಬ ಏಳು ಸಾವಿರ ಹಸಿರು ಚುಕ್ಕೆಗಳು. ಅಂಕಿ ಹೆಚ್ಚಾದಷ್ಟೂ ಚುಕ್ಕೆ ಹೊಳೆಯುತ್ತದೆ. ಯಾರೇ ದೊಡ್ಡವರು ಬರಲಿ, ಹೊನವಾಡರು ಅವರನ್ನು ಆ ಗೋಡೆಯ ಮುಂದೆ ನಿಲ್ಲಿಸಿ ಫೋಟೊ ತೆಗೆಸುತ್ತಿದ್ದರು. ಗೋಡೆಯ ಆಚೆ ಜನ ಇದ್ದಾರೆಂಬುದು ಅವರಿಗೆ ನೆನಪಿದ್ದಂತೆ ನನಗೆ ಕಾಣಲಿಲ್ಲ.

ಅದೊಂದು ಗುರುವಾರ ಅವರು ನನ್ನನ್ನು ಆ ಕೋಣೆಗೆ ಕರೆಸಿದರು.

"ಶಿವಪುತ್ರ, ಇದನ್ನು ನೋಡಿ. ಕಳವು ಇದು, ಶುದ್ಧ ಕಳವು," ಎಂದು ಒಂದು ಚುಕ್ಕೆಯ ಮೇಲೆ ಬೆರಳಿಟ್ಟರು. ಅಕ್ಕಪಕ್ಕದವುಗಳಿಗಿಂತ ಅದು ಕಣ್ಣು ಕುಕ್ಕುವಂತೆ ಉರಿಯುತ್ತಿತ್ತು. "ನೇಕಾರ ಓಣಿಯ ಕಾಶವ್ವ ಅನ್ನುವವಳು. ಹನ್ನೊಂದು ತಿಂಗಳಿಂದ ನಮ್ಮಲ್ಲಿಂದ ಒಂದು ಸೀಸೆ ರಸ ಒಯ್ದಿಲ್ಲ. ಆದರೂ ಊರಿಗೇ ದೊಡ್ಡ ಅಂಕಿ. ಕದಿಯದೆ ಇದು ಹೇಗೆ ಸಾಧ್ಯ?"

"ಬಳೆ ಕೆಟ್ಟಿರಬಹುದು ಸರ್."

"ಬಳೆ ಮಾಡಿದವರು ನೀವೇ ಅಲ್ಲವೇ?"

ಸೋಮವಾರ ಮಂತ್ರಿಗಳು ಬರುವವರಿದ್ದರು. ಯೋಜನೆಯನ್ನು ಹನ್ನೊಂದು ಜಿಲ್ಲೆಗಳಿಗೆ ವಿಸ್ತರಿಸುವ ಘೋಷಣೆ ಅಂದು. ಅಷ್ಟರೊಳಗೆ ಕಳ್ಳಿಯ ಕಳ್ಳಿಯನ್ನು ಹಿಡಿದು ತರಬೇಕೆಂದು ಅಪ್ಪಣೆಯಾಯಿತು. ಈ ಮಾತಿಗೆ ಅವರೇ ನಕ್ಕರು. ನಾನೂ ನಕ್ಕೆ. ಹದಿನೆಂಟು ವರ್ಷದಿಂದ ಅವರು ನಕ್ಕಾಗಲೆಲ್ಲ ನಗುವುದು ನನ್ನ ನೌಕರಿಯ ಭಾಗವಾಗಿತ್ತು.

ಮರುದಿನ ಬೆಳಿಗ್ಗೆ ಮನೆಯಲ್ಲಿ ಅಕ್ಕ ನನಗೆ ರೊಟ್ಟಿ ಬಡಿಸುತ್ತಿದ್ದಳು. ಅಕ್ಕ ದಾನಮ್ಮ, ನನಗಿಂತ ಹದಿನಾರು ವರ್ಷ ದೊಡ್ಡವಳು, ಕನ್ನಡ ಶಾಲೆಯಲ್ಲಿ ಮೂವತ್ನಾಲ್ಕು ವರ್ಷ ಕಲಿಸಿ ನಿವೃತ್ತಳಾದವಳು. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು. ಅವಳಿಗೆ ಮುಖದ ನರದ ನೋವು. ಎಡಗೆನ್ನೆಗೆ ಫ್ಯಾನಿನ ಗಾಳಿ ತಾಗಿದರೂ ಮಿಂಚು ಹೊಡೆದಂತೆ ಕೂಗಿಕೊಳ್ಳುತ್ತಿದ್ದಳು. ಮಾತ್ರೆ ನಿಂತ ಆ ವರ್ಷಗಳಲ್ಲಿ ಹಲ್ಲು ಉಜ್ಜಲಾರದೆ, ಅಗಿಯಲಾರದೆ, ಗಂಜಿ ಕುಡಿದೇ ಬದುಕಿದಳು. ಬೋಳುಕಳ್ಳಿ ಬಂದ ಹೊಸದರಲ್ಲಿ ಒಂದು ಮರಿ ನುಂಗಿ, ಅರ್ಧ ಗಂಟೆಯ ಮೇಲೆ ಒಂದು ಗಟ್ಟಿ ಖಟಕ್ ರೊಟ್ಟಿ ಮುರಿದು ತಿಂದು, ಗೋಡೆಗೆ ಒರಗಿ ಅತ್ತಿದ್ದಳು. ಅದನ್ನು ಕಂಡ ದಿನ ನನಗೂ ನನ್ನ ಕೆಲಸದ ಮೇಲೆ ಸ್ವಲ್ಪ ಗೌರವ ಬಂದಿತ್ತು.

"ಶಿವೂ, ಮೊದಲ ಒಂದ ಮರಿ ಸಾಕಾಗತಿತ್ತು. ಈಗ ನಾಕು ತಿಂದ್ರೂ ಗಲ್ಲ ಸುಮ್ಮನಾಗೂದಿಲ್ಲ," ಅಂದಳು.

"ಮೈಗೆ ರೂಢಿ ಆಗಿರತೈತಿ ಅಕ್ಕಾ."

"ಮತ್ತ ನೆತ್ತಿ ಒಳಗ ಡಬ್ ಡಬ್ ಅಂತೈತಲ್ಲೋ. ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರತೈತಿ."

"ವಯಸ್ಸಾತು. ಬಿಸಲಾಗ ಅಡ್ಡಾಡಬ್ಯಾಡ."

"ರಸ ಏನ್ ಕಡಿಮಿ ಮಾಡಿಲ್ಲ ಮತ್ತ. ನೀವು ಮೂರು ಹನಿ ಅಂತ ಬರದೀರಿ, ನಾ ಆರು ಹಾಕತೀನಿ. ನನ್ನ ತಮ್ಮ ಮಾಡಿದ ರಸ ಅದು, ಅದರಾಗ ಕೆಟ್ಟದ್ದೇನು ಇರತೈತಿ?"

ಅವಳು ನನ್ನ ಊಟದ ಡಬ್ಬಿಯಲ್ಲಿ, ನನ್ನ ಬೆನ್ನುನೋವಿಗೆಂದು, ಎಂದಿನಂತೆ ಎರಡು ಮರಿ ಇಟ್ಟಳು. ನಮ್ಮ ಮನೆಯ ಬಳೆಯ ಅಂಕಿ ಚೆನ್ನಾಗಿಯೇ ಇತ್ತು. ಅಂಕಿ ಚೆನ್ನಾಗಿದ್ದ ಮೇಲೆ ಮುದುಕಿಯ ಮಾತನ್ನು ಯಾರು ಕೇಳುತ್ತಾರೆ? ಊರಿಂದ ಇಂಥ ದೂರುಗಳು ಕೇಂದ್ರಕ್ಕೆ ಬರುತ್ತಲೇ ಇದ್ದವು. ರಸ ಹೆಚ್ಚು ಹಾಕಿ ಎಂಬ ಒಂದೇ ಉತ್ತರವನ್ನು ನಾವು ಎಲ್ಲರಿಗೂ ಕೊಡುತ್ತಿದ್ದೆವು.

ಕಾಶವ್ವನ ಮನೆ ನೇಕಾರ ಓಣಿಯ ಕೊನೆಗಿತ್ತು. ಅರವತ್ತರ ಹೆಂಗಸು, ಖಣದ ಕುಬಸ ಹೊಲಿಯುವವಳು. ಬಾಗಿಲ ಬೆಳಕಿಗೆ ಕುಳಿತು ಹುಕ್ಕು ಹಚ್ಚುತ್ತಿದ್ದಳು. ಮಗ್ಗುಲಲ್ಲೇ ಕೇಂದ್ರದ ಕುಂಡ. ಅದರಲ್ಲಿನ ಬೋಳುಕಳ್ಳಿಯನ್ನು ಕಂಡು ನನಗೆ ಮೈ ಉರಿಯಿತು. ತಲೆಯಿಂದ ಬುಡದವರೆಗೆ ಸೂಜಿಗಳು! ದಪ್ಪ ಸೂಜಿ, ಸಣ್ಣ ಸೂಜಿ, ಗುಂಡುಪಿನ್ನು, ಕೆಂಪು, ಹಸಿರು, ಹಳದಿ ದಾರ ಇಳಿಬಿದ್ದ ಸೂಜಿ. ನಡುನಡುವೆ ಹಳೆಯ ತೂತುಗಳು ಕಂದುಗಟ್ಟಿ ಕಜ್ಜಿಯಂತೆ ಕಾಣುತ್ತಿದ್ದವು. ನಾನು ನೋಡುತ್ತಿದ್ದಂತೆಯೇ ಅವಳು ಕೈಯಲ್ಲಿದ್ದ ಸೂಜಿಯನ್ನು ಕಳ್ಳಿಗೆ ಚುಚ್ಚಿ, ಇನ್ನೊಂದನ್ನು ಕಿತ್ತುಕೊಂಡಳು.

"ಬರ್ರಿ ಸಾಹೇಬ್ರ, ಕೂಡ್ರಿ," ಅಂದಳು.

"ರಸ ಎಲ್ಲಿಂದ ತರತೀರಿ ಕಾಶವ್ವಾರ?"

"ಯಾವ ರಸಾರೀ? ಕಬ್ಬಿಂದೇನ್ರಿ?"

"ಈ ಗಿಡಕ್ಕ ಹಾಕೋ ರಸ."

"ಅದಾ? ಮೊದಲ ಎರಡು ವಾರ ಹಾಕಿದ್ದೆ ನೋಡ್ರಿ. ಹೊಲಸು ವಾಸನಿ. ಅಳಿಯಾ ಊಟಕ್ಕ ಕುಂತಾಗ ಮೂಗು ಮುಚ್ಚಿಕೊಂಡ. ಬಿಟ್ಟಬಿಟ್ಟೆ."

"ಸುಳ್ಳು ಹೇಳಬ್ಯಾಡ್ರಿ. ರಸ ಇಲ್ದ ಈ ಗಿಡದಾಗ ಔಷಧಿ ಹೆಂಗ ಬರತೈತಿ?"

"ಅದು ನಿಮಗ ಗೊತ್ತಿರಬೇಕ್ರಿ. ಓದಿದವರು ನೀವು."

ನನಗೆ ಸಿಟ್ಟು ಬಂತು. "ಸರಕಾರದ ಔಷಧಿ ಗಿಡಕ್ಕ ಸೂಜಿ ಚುಚ್ಚೀರಲ್ಲ, ಏನು ತಿಳದೀರಿ ಇದನ್ನ?"

"ಮೊದಲ ಅರಿವಿ ಗಂಟು ಇಟ್ಟಿದ್ದೆ, ಇಲಿ ಒಯ್ತು. ಇದು ಮೆತ್ತಗೈತಿ, ಮುಳ್ಳಿಲ್ಲ, ಕೈಗೆ ಹತ್ರ ಐತಿ. ಸೂಜಿ ಕಳದೂ ಹೋಗೂದಿಲ್ಲ. ತಪ್ಪಾತೇನ್ರಿ?" ಎಂದು ಅವಳು ನಿಜವಾಗಿಯೂ ತಿಳಿಯಬೇಕೆಂಬಂತೆ ನನ್ನ ಮುಖ ನೋಡಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸೊಬ್ಬಳು ಸೊಂಟ ಹಿಡಿದುಕೊಂಡು ಬಂದು, ಯಾರನ್ನೂ ಕೇಳದೆ ಎರಡು ಮರಿ ತಿರುವಿಕೊಂಡು ಹೋದಳು. ತನ್ನ ಮನೆಯ ಗಿಡ ಬಿಟ್ಟು ಇಲ್ಲಿಗೆ ಯಾಕೆ ಬರುತ್ತಾಳೆಂದು ಕೇಳಿದೆ. "ಇದು ನೋವಿಗೆ ಹತ್ತತೈತ್ರಿ. ಓಣ್ಯಾಗಿನ ಬ್ಯಾರೆ ಯಾವೂ ಹತ್ತೂದಿಲ್ಲ," ಎಂದಳು ಕಾಶವ್ವ. ಅನಕ್ಷರಸ್ಥರ ನಂಬಿಕೆ ಎಂದು ಮನಸ್ಸಿನಲ್ಲೇ ನಕ್ಕು, ಪರೀಕ್ಷೆಗೆಂದು ಆರು ಮರಿ ಕೇಳಿ ಪಡೆದೆ. ಬಾಗಿಲು ದಾಟುವಾಗ ಅವಳು ಕಾಗದದಲ್ಲಿ ಇನ್ನೆರಡು ಕಟ್ಟಿಕೊಟ್ಟಳು.

"ನಿಮ್ಮ ಅಕ್ಕಾರು ನನ್ನ ಮಗಳಿಗೆ ಅಕ್ಷರ ಕಲಿಸಿದಾರ್ರಿ. ಗಲ್ಲದ ನೋವು ಭಾಳ ಐತಂತ ಕೇಳೇನಿ. ಇವು ಅವರಿಗೆ ಕೊಡ್ರಿ."

ಕೊಡುತ್ತೇನೆಂದೆ. ಸೂಜಿ ಚುಚ್ಚಿದ ಕೊಳಕು ಗಿಡದ್ದನ್ನು ಅಕ್ಕನಿಗೆ ಕೊಡುವುದುಂಟೆ? ಪ್ರಯೋಗಾಲಯಕ್ಕೆ ಬಂದವನೇ ಆ ಎರಡನ್ನೂ ಉಳಿದ ಆರರ ಜೊತೆ ಅರೆದು ಪರೀಕ್ಷೆಯ ಯಂತ್ರಕ್ಕೆ ಹಾಕಿದೆ.

ನನ್ನ ಬಳೆ ಆಲ್ಕಲಾಯ್ಡುಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಅಂಕಿ ಹೇಳುತ್ತದೆ. ಪ್ರಯೋಗಾಲಯದ ಯಂತ್ರ ಅವುಗಳನ್ನು ಬಿಡಿಬಿಡಿಯಾಗಿಸಿ, ಒಂದೊಂದಕ್ಕೂ ಒಂದೊಂದು ದಿಬ್ಬದಂತೆ ಗೆರೆ ಬರೆದು ತೋರಿಸುತ್ತದೆ. ಕಾಶವ್ವನ ಮರಿಯ ಗೆರೆಯಲ್ಲಿ ಇದ್ದದ್ದು ಒಂದೇ ದಿಬ್ಬ, ಎತ್ತರದ್ದು, ಚೂಪಾದದ್ದು. ಅದು ಶಾಮಿನ್. ಅಪ್ಪಟ ಶಾಮಿನ್. ಅಷ್ಟನ್ನು ನಾನು ಹಸಿರುಮನೆಯಲ್ಲೂ ಕಂಡಿರಲಿಲ್ಲ.

ಯಂತ್ರ ಕೆಟ್ಟಿದೆ ಅಂದುಕೊಂಡೆ. ತಾಳೆ ನೋಡಲು ಬೇರೆ ಗಿಡದ್ದೊಂದು ಬೇಕಿತ್ತು. ಊಟದ ಡಬ್ಬಿಯಲ್ಲಿ ಅಕ್ಕ ಇಟ್ಟ ಎರಡು ಮರಿ ನೆನಪಾಗಿ ಅವನ್ನು ಅರೆದು ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಗೆರೆ ಬಂತು. ಶಾಮಿನ್ ಇರಬೇಕಾದ ಜಾಗದಲ್ಲಿ ಒಂದು ಗುಳ್ಳೆಯಷ್ಟು ಉಬ್ಬು. ಅದಕ್ಕಿಂತ ಮೊದಲು, ಎರಡನೆಯ ಹಂತದ ವಸ್ತು ಇರುವ ಕಡೆ, ಕಾಶವ್ವನದಕ್ಕಿಂತ ಸ್ವಲ್ಪವೇ ಕುಳ್ಳಾದ ಒಂದು ಗುಡ್ಡ.

ಆ ಎರಡನೆಯ ಹಂತದ್ದನ್ನು ನಾವು ಪ್ರಯೋಗಾಲಯದಲ್ಲಿ ಅರೆಪಾಕ ಎಂದು ಕರೆಯುತ್ತಿದ್ದೆವು. ಅದಕ್ಕೆ ನೋವು ಕಳೆಯುವ ಗುಣ ಇಲ್ಲ. ಅದು ಮೈಯೊಳಗೆ ಹೋದರೆ ರಕ್ತನಾಳಗಳು ಬಿಗಿಯುತ್ತವೆ, ರಕ್ತದ ಒತ್ತಡ ಏರುತ್ತದೆ. ಚೂರು ಹೋದರೆ ತಲೆ ಸಿಡಿಯುತ್ತದೆ. ಬಹಳ ಹೋದರೆ ನಾಳ ಒಡೆಯುತ್ತದೆ.

ಅಕ್ಕ ದಿನಕ್ಕೆ ನಾಲ್ಕು ಸಲ ನಾಲ್ಕು ಮರಿ ತಿನ್ನುತ್ತಿದ್ದಳು.

ನಾನು ಕುರ್ಚಿಯಲ್ಲಿ ಕುಳಿತು ಎರಡು ಗೆರೆಗಳನ್ನೂ ನೋಡಿದೆ. ಉತ್ತರ ಎಷ್ಟು ಸರಳವಾಗಿತ್ತೆಂದರೆ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಕಳ್ಳಿ ಕಹಿಯಾಗುವುದು ನಮ್ಮ ಸೊಂಟ ನೆಟ್ಟಗಾಗಲೆಂದಲ್ಲ. ಯಾವುದೋ ಮೇಕೆ, ಯಾವುದೋ ಹುಳ ಬಂದು ಕಚ್ಚಿದಾಗ, ಎರಡನೇ ಸಲ ಕಚ್ಚದಿರಲೆಂದು ಅದು ಕೊನೆಯ ಹಂತದವರೆಗೆ ಕೆಲಸ ಮಾಡುತ್ತದೆ. ಕತ್ತರಿಸಿ ನೆಟ್ಟಾಗಿನ ಗಾಯ ಇರುವವರೆಗೆ ಹೊಸ ಗಿಡಗಳು ಶಾಮಿನ್ ಕೊಟ್ಟವು; ಗಾಯವೇ ಇಲ್ಲದ ಮೇಲೆ ಗಿಡಕ್ಕೇನು ಗರಜು? ನಾವು ಬುಡಕ್ಕೆ ಸುರಿದ ಕಚ್ಚಾವಸ್ತುವನ್ನು ಹೀರಿಕೊಂಡು, ಎರಡು ಹಂತ ಅಡುಗೆ ಮಾಡಿ, ಹಾಗೆಯೇ ಮೂಲೆಗೆ ತಳ್ಳುತ್ತದೆ. ಏಳು ಸಾವಿರ ಮನೆಯಲ್ಲೂ ಅದೇ. ನನ್ನ ಬಳೆ ಆ ಅರೆಪಾಕವನ್ನೂ ಔಷಧವೆಂದೇ ಎಣಿಸಿ ಗೋಡೆಯ ಮೇಲೆ ದೀಪ ಹಚ್ಚುತ್ತಿತ್ತು. ಒಂದೇ ಒಂದು ಕಳ್ಳಿ ದಿನವೂ ನೂರು ಸಲ ಚುಚ್ಚಿಸಿಕೊಂಡು ತನ್ನ ಕೆಲಸವನ್ನು ಸರಿಯಾಗಿ ಮುಗಿಸುತ್ತಿತ್ತು.

ಹಾಗಾದರೆ ನಮ್ಮ ಹಸಿರುಮನೆಯ ಪ್ರಯೋಗದಲ್ಲಿ ಶಾಮಿನ್ ಮೂರು ಪಟ್ಟಾದದ್ದು? ಅಲ್ಲಿ ನಾವು ರಸವನ್ನು ಸೂಜಿಯಿಂದ ಚುಚ್ಚಿದ್ದೆವು. ಹೆಚ್ಚಿಸಿದ್ದು ರಸವಲ್ಲ, ಸೂಜಿ.

ಇದು ಗೊತ್ತಾಗದೇ ಹೋದದ್ದಲ್ಲ. ಇದನ್ನು ಗೊತ್ತುಮಾಡಿಕೊಳ್ಳುವುದಕ್ಕೆಂದೇ ಒಂದು ಪದ್ಧತಿಯಿದೆ, ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಪದ್ಧತಿ. ಅರವತ್ತು ಗಿಡಕ್ಕೆ ರಸ ಚುಚ್ಚಿದರೆ, ಹೋಲಿಕೆಗೆ ಇಟ್ಟ ಇನ್ನರವತ್ತು ಗಿಡಕ್ಕೆ ಬರಿಯ ನೀರನ್ನು ಅಷ್ಟೇ ಸಲ ಚುಚ್ಚಬೇಕು. ನಮ್ಮ ಪ್ರಯೋಗದ ನಿಯಮಾವಳಿಯಲ್ಲೂ ಹಾಗೆಂದು ಬರೆದಿತ್ತು. ಅದನ್ನು ಓದಿ ನಾನು ನಕ್ಕಿದ್ದೆ. ಬರಿಯ ನೀರು ಚುಚ್ಚುತ್ತ ಕೂರುವುದಕ್ಕೆ ನಾನು ಇಷ್ಟು ಓದಬೇಕಾಗಿತ್ತೇ, ಕಳ್ಳಿಗೆ ನೀರು ಚುಚ್ಚಿದರೆ ಏನಾದೀತೆಂದು ಕತ್ತೆಯೂ ಹೇಳೀತು ಅಂದುಕೊಂಡಿದ್ದೆ. ಆ ಅರವತ್ತು ಗಿಡಗಳನ್ನು ಮುಟ್ಟದೆ ಹಾಗೆಯೇ ಬಿಟ್ಟೆ. ವರದಿಯಲ್ಲಿ ಮಾತ್ರ ನೀರು ಚುಚ್ಚಲಾಯಿತು ಎಂದು ಬರೆದು ಸಹಿ ಹಾಕಿದೆ. ಹೊನವಾಡರು ಅದನ್ನು ಓದದೆ ಸಹಿ ಹಾಕಿದರು. ಇಷ್ಟು ವರ್ಷ ನಾನು ಅವರನ್ನು ತಿರಸ್ಕಾರದಿಂದ ನೋಡಿದ್ದು ಈ ಓದದ ಸಹಿಗಳಿಗಾಗಿ.

ಮಧ್ಯಾಹ್ನ ಹನ್ನೆರಡಕ್ಕೆ ಎರಡೂ ಗೆರೆಗಳನ್ನು ಅವರ ಮೇಜಿನ ಮೇಲೆ ಇಟ್ಟೆ. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಹಾಗಾದರೆ ಸೂಜಿ ಬೇಕು ಅನ್ನಿ. ರಸದ ಜೊತೆ ಒಂದು ಸೂಜಿಯನ್ನೂ ಕೊಡೋಣ. ಸಂಜೀವಿನಿ ಸೂಜಿ. ಹೆಸರು ಚೆನ್ನಾಗಿದೆ ಅಲ್ಲವೇ?"

"ಸರ್, ಜನ ಇವತ್ತು ತಿನ್ನುತ್ತಿರುವುದು ಔಷಧಿಯಲ್ಲ. ರಕ್ತದೊತ್ತಡ ಏರಿಸುವ ವಸ್ತು."

"ಯಾರಾದರೂ ಸತ್ತಿದ್ದಾರೆಯೇ?"

"ನಾವು ಕೇಳಿಲ್ಲ ಸರ್."

"ಕೇಳಬೇಡಿ. ಸೋಮವಾರ ಕಳೆಯಲಿ. ಮಂಗಳವಾರ ಬೆಳಿಗ್ಗೆ ಮೊದಲ ಕೆಲಸ ಇದೇ." ಅವರು ಹಳೆಯ ವರದಿಯನ್ನು ಕಪಾಟಿನಿಂದ ತೆಗೆದು, ಕೊನೆಯ ಪುಟ ತಿರುವಿ ನನ್ನ ಕಡೆ ಸರಿಸಿದರು. "ನೀರು ಚುಚ್ಚಲಾಯಿತು ಎಂದು ಪ್ರಮಾಣೀಕರಿಸಿದವರು ಯಾರು, ಸ್ವಲ್ಪ ಓದಿ ಹೇಳಿ."

ಮೊದಲ ಸಲ ಅವರು ಒಂದು ವರದಿಯನ್ನು ಓದಿದ್ದರು.

ಆಗ ನಾನು ಏನು ಮಾಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆಗಲಿ ಸರ್ ಅಂದೆ. ಮೂರೇ ದಿನ, ಅಷ್ಟರಲ್ಲಿ ಏನಾಗುತ್ತದೆ ಅಂದುಕೊಂಡೆ. ಅಕ್ಕನಿಗೆ ಮಾತ್ರ ಫೋನ್ ಮಾಡಿ ತಿನ್ನಬೇಡ ಎಂದು ಹೇಳಿದರಾಯಿತು, ಉಳಿದವರಿಗೆ ಮಂಗಳವಾರ ಹೇಳಿದರಾಯಿತು. ಆ ಹೊನವಾಡನಿಗೆ ಗೋಡೆಯ ಆಚೆ ಜನ ಕಾಣುವುದಿಲ್ಲ ಎಂದು ಬೈದುಕೊಳ್ಳುತ್ತಿದ್ದ ನನಗೆ ಕಂಡದ್ದು ಒಬ್ಬಳೇ. ಕ್ಯಾಂಟೀನಿಗೆ ಹೋಗಿ ಚಹಾ ಕುಡಿದೆ. ಆಮೇಲೆ ಫೋನ್ ಮಾಡಿದೆ. ಅಕ್ಕ ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ.

ಮನೆಗೆ ಹೋದಾಗ ಅಕ್ಕ ಅಡಿಗೆಮನೆಯಲ್ಲಿ ಕುಂಡದ ಪಕ್ಕ ಬಿದ್ದಿದ್ದಳು. ಬಾಯಿ ಒಂದು ಕಡೆ ಎಳೆದಿತ್ತು. ಕೈಯಲ್ಲಿ ಇನ್ನೂ ಒಂದು ಮರಿ ಇತ್ತು.

ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿರಲಿಲ್ಲ. ಡಾಕ್ಟರ್ ಹುಡುಗಿ ಅಕ್ಕನ ರಕ್ತದೊತ್ತಡ ನೋಡಿ ಮತ್ತೊಮ್ಮೆ ನೋಡಿದಳು. ಮಿದುಳಿನ ಬಲಭಾಗದಲ್ಲಿ ನಾಳ ಒಡೆದಿದೆ ಅಂದಳು. "ಈ ಎರಡು ತಿಂಗಳೊಳಗ ಇಂಥಾವು ಮೂವತ್ತು ಬಂದಾವ ಸರ್. ಬ್ಯಾಸಗಿ ಬಿಸಲು ಅಂತ ನಾವು ತಿಳಕೊಂಡಿದ್ವಿ." ಮೂವತ್ತು! ಜಗಲಿಯಲ್ಲಿ ಚಾಪೆಯ ಮೇಲೆ ಮಲಗಿದ್ದ ನೇಕಾರರನ್ನು ದಾಟಿಕೊಂಡು ನಾನು ಹೊರಗೆ ಬಂದೆ. ಅವರಲ್ಲಿ ಒಬ್ಬನ ದಿಂಬಿನ ಮಗ್ಗುಲಲ್ಲಿ ಕುಂಡವೇ ಇತ್ತು. ಅವನ ಹೆಂಡತಿ ನಂಬಿಕೆಯಿಂದ ಮರಿ ತಿರುವಿ ಅವನ ಬಾಯಿಗೆ ಇಡುತ್ತಿದ್ದಳು. ನಾನು ಅದನ್ನು ಕಿತ್ತುಕೊಂಡು ಎಸೆದೆ. ಅವಳು ನನ್ನನ್ನು ಹುಚ್ಚನೆಂದು ಬೈದಳು.

ಅಲ್ಲಿಂದ ನೇರ ಕೇಂದ್ರಕ್ಕೆ ಹೋದೆ. ಪ್ರತಿ ಬಳೆಯಲ್ಲೂ ಒಂದು ಕೆಂಪು ದೀಪ ಮತ್ತು ಸಣ್ಣ ಗಂಟೆ ಇವೆ. ಗಿಡಕ್ಕೆ ರೋಗ ಬಂದರೆ ತಿನ್ನಬೇಡಿ ಎಂದು ಹೇಳುವುದಕ್ಕೆ. ನಿಗಾ ಕೋಣೆಯ ಹುಡುಗಿಯನ್ನು ಎಬ್ಬಿಸಿ ಅವಳ ಕುರ್ಚಿಯಲ್ಲಿ ಕುಳಿತು, ಏಳು ಸಾವಿರ ಬಳೆಗಳಿಗೂ ಆ ಸಂಕೇತ ಕಳಿಸಿದೆ. ಕಾಶವ್ವನದೊಂದನ್ನು ಬಿಟ್ಟು. ಗೋಡೆ ಕೆಂಪಾಯಿತು. ಹೊನವಾಡರು ಓಡಿ ಬಂದರು. ಹದಿನೆಂಟು ವರ್ಷದಲ್ಲಿ ಅವರು ಓಡಿದ್ದನ್ನು ನಾನು ಮೊದಲ ಸಲ ಕಂಡೆ. ಏನೇನೋ ಕೂಗಿದರು. ಅದರಲ್ಲಿ ಮಂತ್ರಿ ಎಂಬ ಶಬ್ದ ಏಳೆಂಟು ಸಲ ಇತ್ತು, ರೋಗಿ ಎಂಬುದು ಒಂದು ಸಲವೂ ಇರಲಿಲ್ಲ.

ನನ್ನನ್ನು ಅಮಾನತು ಮಾಡಿದ್ದಾರೆ. ಸರಿಯಾಗಿಯೇ ಇದೆ. ಸುಳ್ಳು ವರದಿಗೆ ತನಿಖೆ ನಡೆಯುತ್ತದೆ, ನಡೆಯಲಿ. ಹೊನವಾಡರನ್ನು ಕೂಡ ತನಿಖೆ ಮಾಡುತ್ತಾರಂತೆ. ತನಿಖೆಯ ಸಮಿತಿಯಲ್ಲಿ ಅವರೂ ಇದ್ದಾರೆ. ಮೊನ್ನೆ ಯಾವುದೋ ಸಮ್ಮೇಳನದಲ್ಲಿ ಅವರು ಗಾಯ ಮತ್ತು ಆಲ್ಕಲಾಯ್ಡ್ ಎಂಬ ವಿಷಯದ ಮೇಲೆ ಮುಕ್ಕಾಲು ಗಂಟೆ ಮಾತನಾಡಿದರೆಂದು ಕೇಳಿದೆ. ಈ ಸಲ ಚೀಟಿ ಯಾರು ಬರೆದುಕೊಟ್ಟರೋ ಗೊತ್ತಿಲ್ಲ. ಊರಲ್ಲಿ ಜನ ರಸದ ಸೀಸೆಗಳನ್ನು ಚರಂಡಿಗೆ ಸುರಿದು, ಕಳ್ಳಿಗಳಿಗೆ ಸೂಜಿ ಚುಚ್ಚಿಕೊಂಡು ಕಾಯುತ್ತಿದ್ದಾರೆ. ಗಿಡದೊಳಗೆ ಕೂಡಿಬಿದ್ದ ಅರೆಪಾಕ ಕರಗಿ ಶಾಮಿನ್ ಆಗುವುದಕ್ಕೆ ಆರು ವಾರ ಬೇಕು.

ಅಕ್ಕನ ಎಡಗೈ, ಎಡಗಾಲು ಹೋದವು. ಆದರೆ ಕೆನ್ನೆಯ ನೋವು ಹೋಗಲಿಲ್ಲ. ಎಷ್ಟು ಕ್ರೂರ ನೋಡಿ, ಅಲುಗಾಡಲಾರದ ಮೈಯಲ್ಲಿ ಅದೊಂದೇ ಜೀವಂತವಾಗಿ ಉಳಿಯಿತು. ಯಾವ ಮರಿಯನ್ನೂ ಕೊಡಕೂಡದೆಂದು ಡಾಕ್ಟರ್ ಹುಡುಗಿ ಹೇಳಿದ್ದರಿಂದ, ಮಲಗಿದಲ್ಲೇ ಅಕ್ಕ ಕೂಗುವುದನ್ನು ಹನ್ನೆರಡು ದಿನ ಕೇಳಿದೆ. ಹದಿಮೂರನೆಯ ದಿನ ಬೆಳಿಗ್ಗೆ ಕಾಶವ್ವ ಒಂದು ಡಬ್ಬಿಯಲ್ಲಿ ಮರಿಗಳನ್ನು ತಂದಳು. ಡಾಕ್ಟರ್ ಹುಡುಗಿ ಅವನ್ನು ಪರೀಕ್ಷೆಗೆ ಕಳಿಸಿ, ಎರಡು ತಾಸು ಕಾದು, ಒಂದನ್ನು ಅರೆದು ಚಮಚೆಯಲ್ಲಿ ಕುಡಿಸಲು ಒಪ್ಪಿದಳು. ಅರ್ಧ ಗಂಟೆಗೆ ಅಕ್ಕನ ಹುಬ್ಬು ಸಡಿಲವಾಯಿತು. ಕಣ್ಣು ಬಿಟ್ಟು ನನ್ನನ್ನು ಹುಡುಕಿದಳು.

ಯಾರಿಂದಲೋ ಕೇಳುವ ಮುಂಚೆ ನಾನೇ ಹೇಳಬೇಕೆಂದು ಎಲ್ಲವನ್ನೂ ಹೇಳಿದೆ. ಅರೆಪಾಕ, ಬಳೆ, ನೀರು ಚುಚ್ಚದೆ ಬಿಟ್ಟ ಅರವತ್ತು ಗಿಡ, ಸುಳ್ಳು ಬರೆದ ಒಂದು ಸಾಲು. ಕಾಶವ್ವ ಕೊಟ್ಟ ಎರಡು ಮರಿಯನ್ನು ಅವಳಿಗೆ ತಂದುಕೊಡದೆ ಅರೆದು ಹಾಕಿದ್ದನ್ನೂ ಹೇಳಿದೆ. ಅಕ್ಕ ಶಾಲೆಯಲ್ಲಿ ಮಕ್ಕಳ ಉತ್ತರ ಕೇಳುತ್ತಿದ್ದಂತೆ, ನಡುವೆ ಬಾಯಿ ಹಾಕದೆ, ಕೊನೆಯವರೆಗೂ ಕೇಳಿದಳು. ನಾಲಿಗೆ ಹೊರಳಲು ಹೊತ್ತು ಹಿಡಿಯುತ್ತಿತ್ತು. ಒಂದೊಂದೇ ಶಬ್ದ ಕೂಡಿಸಿ ಕೇಳಿದಳು.

"ಆ ಗಿಡಕ್ಕೆಲ್ಲಾ... ನೀರು ಚುಚ್ಚಾಕ... ಎಷ್ಟೊತ್ತು ಹಿಡೀತಿತ್ತೋ ಶಿವೂ?"

"ಒಂದ ಮಧ್ಯಾಹ್ನ, ಅಕ್ಕಾ."

"ಅಷ್ಟಽ?" ಅಂದಳು.

ಅವಳ ದನಿಯಲ್ಲಿ ತಿರಸ್ಕಾರ ಇರಲಿಲ್ಲ. ಇದ್ದಿದ್ದರೆ ಅದನ್ನು ತಡೆದುಕೊಳ್ಳುವುದು ನನಗೆ ಗೊತ್ತಿತ್ತು.